ಎರಡನೆಯವನ ಕೂಗು

ಹರಾಜು ಮುಗಿದ ಮೇಲೆ ಹೊರಬರುವ ಬೆಲೆಪಟ್ಟಿಯಲ್ಲಿ ಲಾಟ್ ಸಂಖ್ಯೆ ಇರುತ್ತದೆ, ಅದರೆದುರು ಒಂದು ಮೊತ್ತ ಇರುತ್ತದೆ. ಕೊಂಡವನ ಹೆಸರು ಇರುವುದಿಲ್ಲ, ಸೋತವನದಂತೂ ಕೇಳಲೇಬೇಡಿ. ಆದರೆ ಆ ಮೊತ್ತವನ್ನು ಅಲ್ಲಿಗೆ ತಂದು ನಿಲ್ಲಿಸಿದವನು ಸೋತವನೇ. ಗೆದ್ದವನು ಇನ್ನೂ ಎಷ್ಟು ಕೊಡಲು ತಯಾರಿದ್ದ ಎಂಬುದು ಅವನಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಎದುರಿಗಿದ್ದವನು ಎಲ್ಲಿ ಕೈ ಇಳಿಸಿದನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಸುತ್ತಿಗೆ ಬೀಳುತ್ತದೆ, ಅಷ್ಟೆ. ಬೆಂಗಳೂರಿನ ನಾಣ್ಯ ಹರಾಜುಗಳಲ್ಲಿ ಬಹುಪಾಲು ಹೀಗೆ ಕೈ ಇಳಿಸುವವನಾಗಿಯೇ ಕೂತವನು ನಾನು. ನಿವೃತ್ತ ಕ್ಯಾಷಿಯರನ ಪಿಂಚಣಿಗೆ ಅದಕ್ಕಿಂತ ದೊಡ್ಡ ಪಾತ್ರ ಸಿಗುವುದಿಲ್ಲ. ಆದರೆ ಈಗ ಹಿಂತಿರುಗಿ ನೋಡಿದರೆ, ನಮ್ಮ ನಾಡಿನ ಹಳೆಯ ನಾಣ್ಯಗಳಲ್ಲಿ ಉಳಿದಿರುವಷ್ಟು ಉಳಿದದ್ದು ಇಂಥ ಎರಡನೆಯವರಿಂದ ಎಂದೇ ನನಗನ್ನಿಸುತ್ತದೆ.

ನಾನು ಮೊದಲ ಸಲ ಕೂಗಿದ್ದು ದೇವಸ್ಥಾನದ ಅಂಗಳದಲ್ಲಿ. ಎಪ್ಪತ್ತರ ದಶಕದ ಕೊನೆಯ ಮಾತು; ಸಾಗರದಲ್ಲಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿದ್ದೆ. ಸುತ್ತಲಿನ ದೇವಸ್ಥಾನಗಳ ಹುಂಡಿ ಒಡೆದಾಗ ಎಣಿಸಿಕೊಡಲು ನಮ್ಮನ್ನು ಕರೆಯುತ್ತಿದ್ದರು. ಚಾಪೆಯ ಮೇಲೆ ಸುರಿದ ರಾಶಿಯಲ್ಲಿ ಕುಂಕುಮ, ಅಕ್ಕಿಕಾಳು, ಹರಕೆಯ ಬೆಳ್ಳಿ ಕಣ್ಣು, ಮಡಿಸಿ ಮಡಿಸಿ ಗಂಟಾದ ನೋಟು, ಇವುಗಳ ನಡುವೆ ಚಲಾವಣೆಯಿಂದ ಎಂದೋ ಹೋದ ಕಾಸುಗಳು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ಆಣೆಗಳ ಲೆಕ್ಕ ಮುಗಿಯಿತು ಎಂದು ಸರ್ಕಾರ ಹೇಳಿತ್ತು. ದೇವರಿಗೆ ಆ ಸುತ್ತೋಲೆ ತಲುಪಿರಲಿಲ್ಲ. ಮನೆಯ ಮೂಲೆಯಲ್ಲಿ ಸಿಕ್ಕ, ಅಂಗಡಿಯವನು ಬೇಡವೆಂದ ಕಾಸನ್ನೆಲ್ಲ ಜನ ಹುಂಡಿಗೆ ಹಾಕುತ್ತಿದ್ದರು.

ಚಲಾವಣೆಯಿಲ್ಲದ ಈ ಗುಡ್ಡೆಯನ್ನು ಜಾತ್ರೆಯ ಮರುದಿನ ಸವಾಲಿಗೆ ಇಡುತ್ತಿದ್ದರು. ಮೊದಲು ದೇವರಿಗೆ ಬಂದ ಸೀರೆ, ಆಮೇಲೆ ಬಾಳೆಗೊನೆ, ಹಲಸಿನಹಣ್ಣು, ಕೊನೆಗೆ ಈ ಲೋಹದ ಗಂಟು. ಕೂಗುವವರು ಯಾರು? ಪಾತ್ರೆ ಮಾಡುವವನು ಒಬ್ಬನೇ. ತಕ್ಕಡಿಯಲ್ಲಿ ತೂಗಿ, ತಾಮ್ರದ ದರಕ್ಕೆ ಸ್ವಲ್ಪ ಕಮ್ಮಿ ಕೂಗಿ, ಎದುರಾಳಿಯಿಲ್ಲದೆ ತೆಗೆದುಕೊಂಡು ಹೋಗುತ್ತಿದ್ದ. ಹುಂಡಿ ಎಣಿಸುವಾಗ ಆ ಗುಡ್ಡೆಯಲ್ಲಿ ನಾನು ಕಂಡದ್ದು ಕಣ್ಣಿಗೆ ಅಂಟಿಕೊಂಡಿತ್ತು. ಸೊಂಡಿಲೆತ್ತಿದ ಆನೆ, ಅದರ ಮೇಲೆ ಸೂರ್ಯ ಚಂದ್ರ, ನಡುವೆ ‘ಶ್ರೀ’. ಹಿಂಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ, ಜೊತೆಗೆ ಇಂಗ್ಲಿಷ್ ಮತ್ತು ಪಾರ್ಸಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸು ಅದೆಂದು ಆಗ ನನಗೆ ಗೊತ್ತಿರಲಿಲ್ಲ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು ಎಂಬುದೂ ಗೊತ್ತಿರಲಿಲ್ಲ. ದಿನವಿಡೀ ದುಡ್ಡು ಮುಟ್ಟುವವನಿಗೆ, ಕನ್ನಡದಲ್ಲಿ ಮಾತಾಡುವ ದುಡ್ಡು ಇತ್ತೆಂಬುದೇ ಒಂದು ಸೋಜಿಗ.

ಆ ವರ್ಷ ಪಾತ್ರೆಯವನು ಕೂಗಿದ ಮೇಲೆ ನಾನು ಐದು ರೂಪಾಯಿ ಏರಿಸಿದೆ. ಅಂಗಳದಲ್ಲಿ ನಗು ಎದ್ದಿತು. ಬ್ಯಾಂಕಿನವರಿಗೆ ದುಡ್ಡು ಸಾಲದಾಯಿತೇ ಎಂದು ಯಾರೋ ಅಂದರು. ಪಾತ್ರೆಯವನು ನನ್ನನ್ನೊಮ್ಮೆ, ಗಂಟನ್ನೊಮ್ಮೆ ನೋಡಿ, ಮತ್ತೆ ಐದು ಏರಿಸಿದ. ತನಗೆ ಕಾಣದ್ದು ಈ ಮನುಷ್ಯನಿಗೆ ಏನೋ ಕಂಡಿದೆ ಎಂಬ ಅನುಮಾನ ಅವನಿಗೆ. ಹಾಗೇ ಏರುತ್ತ ಏರುತ್ತ ತಾಮ್ರದ ದರವನ್ನು ದಾಟಿದೆವು. ಒಂದು ಸರ್ತಿ, ಎರಡು ಸರ್ತಿ ಆಗುವಷ್ಟರಲ್ಲಿ ಅವನೇ ಗಂಟು ತೆಗೆದುಕೊಂಡ; ನನ್ನ ಜೇಬಿನಲ್ಲಿ ಅಷ್ಟೇ ಇದ್ದದ್ದು. ಆದರೆ ಅವನದನ್ನು ಕುಲುಮೆಗೆ ಹಾಕಲಿಲ್ಲ. ತಾಮ್ರಕ್ಕಿಂತ ಹೆಚ್ಚು ಕೊಟ್ಟು ಕೊಂಡದ್ದನ್ನು ತಾಮ್ರ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ವಾರ ಕಳೆದು ಕೌಂಟರಿಗೆ ಬಂದು, ಆನೆ ಇರುವುದನ್ನೆಲ್ಲ ಬೇರೆ ಮಾಡಿಟ್ಟಿದ್ದೇನೆ, ಬೇಕಾದರೆ ಬಿಡಿಯಾಗಿ ಕೊಡುತ್ತೇನೆ ಎಂದ. ನನ್ನ ಸಂಗ್ರಹದ ಮೊದಲ ಡಬ್ಬಿ ತುಂಬಿದ್ದು ಅವನಿಂದ. ಹರಾಜಿನ ಅರ್ಥಶಾಸ್ತ್ರವನ್ನು ಆಮೇಲೆ ಎಷ್ಟು ಓದಿದರೂ ಆ ಅಂಗಳದಲ್ಲಿ ಕಲಿತದ್ದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಒಬ್ಬನೇ ಬೇಕೆಂದಾಗ ವಸ್ತುವಿಗೆ ತೂಕದ ಬೆಲೆ. ಇಬ್ಬರು ಬೇಕೆಂದಾಗ ಅದು ತೂಕದಿಂದ ಬಿಡಿಸಿಕೊಳ್ಳುತ್ತದೆ.

ಸಾಗರದ ಅಕ್ಕಸಾಲಿಯೊಬ್ಬರು ಇದನ್ನೇ ಚಿನ್ನದಲ್ಲಿ ತೋರಿಸಿಕೊಟ್ಟರು. ಕೆಳದಿ, ಇಕ್ಕೇರಿ ಎರಡೂ ಸಾಗರದ ಪಕ್ಕದಲ್ಲೇ. ಹಾಗಾಗಿ ಆ ಸೀಮೆಯ ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇಕ್ಕೇರಿ ವರಹ ಇರುವುದು ಅಪರೂಪವಾಗಿರಲಿಲ್ಲ. ಮುಂಬದಿಯಲ್ಲಿ ಕುಳಿತ ಶಿವ ಪಾರ್ವತಿ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. ತೂಕ ಮೂರು ಗ್ರಾಂ ನಾಲ್ಕುನೂರು ಮಿಲಿಗ್ರಾಮಿನ ಆಸುಪಾಸು. ಮಗಳ ಮದುವೆ ಗೊತ್ತಾದಾಗ ಮನೆಯವರು ಅದನ್ನು ಅಕ್ಕಸಾಲಿಯ ಮುಂದಿಟ್ಟು ಓಲೆಯೋ ಮೂಗುತಿಯೋ ಮಾಡಿಸುತ್ತಿದ್ದರು. ಆ ಹಿರಿಯರು ಮೂಸೆಗೆ ಹಾಕುವ ಮುನ್ನ ಪ್ರತಿ ವರಹವನ್ನೂ ಅಂಗೈಯಲ್ಲಿಟ್ಟು ಒಂದು ಗಳಿಗೆ ನೋಡುತ್ತಿದ್ದರು. ಕೆತ್ತಿದವನು ತಮ್ಮ ಕುಲದವನೇ ಎಂಬ ಅಭಿಮಾನ ಅವರಿಗೆ. ಆದರೂ ಕರಗಿಸುತ್ತಿದ್ದರು; ಬೇರೆ ಗಿರಾಕಿ ಇರಲಿಲ್ಲವಲ್ಲ. ನಾನು ಚಿನ್ನದ ದರದ ಮೇಲೆ ಒಂದಿಷ್ಟು ಸೇರಿಸಿ, ಕಂತಿನಲ್ಲಿ ಕೊಡುತ್ತೇನೆಂದು ಹೇಳಿ ಒಂದನ್ನು ಉಳಿಸಿಕೊಂಡೆ. ಮಾರಿದ ಮನೆಯವರಿಗೂ ಸಂತೋಷ, ಓಲೆ ಸ್ವಲ್ಪ ದಪ್ಪವಾಯಿತು. ಅದಕ್ಕೆ ಕೊಂಡಿ ಬೆಸೆದ ಗುರುತು ಇದೆ, ಯಾರೋ ಅಜ್ಜಿಯ ಸರದಲ್ಲಿ ತೂಗಾಡಿದ್ದಿರಬೇಕು. ಹರಾಜಿನ ಭಾಷೆಯಲ್ಲಿ ಅದೊಂದು ಐಬು, ಬೆಲೆ ಅರ್ಧಕ್ಕೆ ಇಳಿಯುತ್ತದೆ. ನನಗೆ ಮಾತ್ರ ಕೊಂಡಿಯೂ ಚರಿತ್ರೆಯ ಭಾಗವೇ.

ಕೌಂಟರಿನ ಇನ್ನೊಂದು ಪಾಠ 1978ರ ಜನವರಿಯದು. 16ನೇ ತಾರೀಖಿನ ಸುಗ್ರೀವಾಜ್ಞೆಯಿಂದ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದವು. ಮಲೆನಾಡಿನ ಶಾಖೆಯಲ್ಲಿ ಹತ್ತು ಸಾವಿರದ ನೋಟು ಕಂಡವರೇ ಕಮ್ಮಿ. ನಮಗೆ ಗಡಿಬಿಡಿಗಿಂತ ಕುತೂಹಲವೇ ಹೆಚ್ಚು. ಅಂದು ಹೆದರಿ ಮರಳಿಸಿದವರು ಮುಖಬೆಲೆ ಪಡೆದರು. ಹೇಗೋ ಉಳಿದುಹೋದ ಕೆಲವು ಈಗ ಹರಾಜಿನಲ್ಲಿ ಕಾಣಿಸಿಕೊಂಡಾಗ ಮುಖಬೆಲೆಯ ಎಷ್ಟೋ ಪಟ್ಟು ಏರುತ್ತವೆ. ರಿಸರ್ವ್ ಬ್ಯಾಂಕ್ ಕೊಟ್ಟ ಮಾತು ರದ್ದಾದ ಮೇಲೂ ಇಬ್ಬರು ಸಂಗ್ರಾಹಕರ ನಡುವಿನ ಹಟ ರದ್ದಾಗುವುದಿಲ್ಲ.

ಬೆಂಗಳೂರಿಗೆ ವರ್ಗವಾದ ಮೇಲೆ ಭಾನುವಾರಗಳು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೂ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳಿಗೂ ಹಂಚಿಹೋದವು. ಬಜಾರಿನಲ್ಲಿ ಗ್ರಾಮಫೋನಿನ ಕೊಳವೆ, ರೈಲ್ವೆ ಲಾಟೀನು, ಕೀಲಿಯಿಲ್ಲದ ಬೀಗ, ಬೀಗವಿಲ್ಲದ ಕೀಲಿ, ಇವುಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದ ನಾಣ್ಯಗಳು. ನೂರರಲ್ಲಿ ತೊಂಬತ್ತು ರಾಮಟಂಕಿಗಳು. ಪಟ್ಟಾಭಿಷೇಕದ ಚಿತ್ರವಿರುವ ಇವು ಪೂಜೆಗೆಂದು ಮಾಡಿದ ಬಿಲ್ಲೆಗಳೇ ಹೊರತು ಯಾವ ರಾಜನೂ ಹೊರಡಿಸಿದ ಹಣವಲ್ಲ. ಸಾವಿರಾರು ವರ್ಷ ಹಳೆಯದು ಸಾರ್ ಎಂದು ಮಾರುವವನು, ಹೌದಪ್ಪ ಎಂದು ನಾನು. ಓದು ಶುರುವಾದದ್ದೂ ಆಗಲೇ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಪುಸ್ತಕ, ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕ, ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಬರೆದದ್ದು. ಇವನ್ನು ಓದದೆ ಬಜಾರಿಗೆ ಹೋಗುವುದೂ, ಓದಿ ಬಜಾರಿಗೆ ಹೋಗದಿರುವುದೂ ಎರಡೂ ನಷ್ಟವೇ.

ಕ್ಯಾಟಲಾಗ್ ಅಚ್ಚು ಹಾಕಿಸಿ ನಡೆಸುವ ಹರಾಜಿಗೆ ನಾನು ಕಾಲಿಟ್ಟದ್ದು ಬಹಳ ತಡವಾಗಿ. ಅಲ್ಲಿ ಹರಾಜಿಗಿಂತ ನನಗೆ ಇಷ್ಟವಾದದ್ದು ಹಿಂದಿನ ದಿನದ ವೀಕ್ಷಣೆ. ಹಸಿರು ಬಟ್ಟೆ ಹಾಸಿದ ಮೇಜು, ತಗ್ಗಿಸಿದ ದೀಪ, ಪುಟ್ಟ ತಕ್ಕಡಿ. ಲಾಟ್ ಸಂಖ್ಯೆ ಬರೆದುಕೊಟ್ಟರೆ ಟ್ರೇ ಬರುತ್ತದೆ. ಕೋಟಿಗಟ್ಟಲೆ ಬಾಳುವ ವರ್ತಕನ ಟ್ರೇಯೂ ನನ್ನ ಟ್ರೇಯೂ ಒಂದೇ. ಕೊಳ್ಳುವ ಶಕ್ತಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಗಾಜಿನಾಚೆ ಮಸುಕಾಗಿ ಕಾಣುವ ನಾಣ್ಯವನ್ನು ಇಲ್ಲಿ ಎರಡು ಬೆರಳಿನಲ್ಲಿ ಅಂಚು ಹಿಡಿದು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದ ಕೆಳಗೆ ಇಡಬಹುದು. ಅಂಚಿನಲ್ಲಿ ಅರದ ಗೆರೆ ಇದೆಯೇ? ಮೈಮೇಲೆ ಗುಳ್ಳೆಯ ಚುಕ್ಕೆ ಇದೆಯೇ? ಅಕ್ಷರದ ಬುಡ ಚೂಪಾಗಿದೆಯೋ, ಕರಗಿ ಇಳಿದಂತಿದೆಯೋ? ಅಚ್ಚಿನಲ್ಲಿ ಹೊಡೆದ ನಾಣ್ಯಕ್ಕೂ ಎರಕ ಹೊಯ್ದ ನಕಲಿಗೂ ಇರುವ ಅಂತರ ಇವಿಷ್ಟರಲ್ಲಿ ಅಡಗಿದೆ. ಹಿಂದಿನ ಕಾಲದ ಷರಾಫರು ಬೆಳ್ಳಿ ರೂಪಾಯಿಯ ಮೇಲೆ ಪರೀಕ್ಷೆಗಾಗಿ ಹೊಡೆದ ಚಿಕ್ಕ ಚಿಕ್ಕ ಗುರುತುಗಳಿರುತ್ತವೆ. ಸೌಂದರ್ಯಕ್ಕೆ ಕುಂದು, ನಂಬಿಕೆಗೆ ಆಸರೆ.

ಆ ಮೇಜಿನ ಮೇಲೆಯೇ ನಾನು ಟಿಪ್ಪುವಿನ ನಾಣ್ಯ ಓದಲು ಕಲಿತೆ. ಮೌಲೂದಿ ಎಂಬ ಹೊಸ ಶಕೆಗೆ ಬದಲಾದ ಮೇಲೆ ಅವನ ಟಂಕಸಾಲೆಗಳು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದವು. 1215 ಎಂದಿರಬೇಕಾದದ್ದು 5121 ಎಂದು ಕಾಣುತ್ತದೆ. ಪ್ರತಿ ಮೌಲ್ಯಕ್ಕೂ ಒಂದು ಹೆಸರು. ರೂಪಾಯಿಗೆ ‘ಇಮಾಮಿ’, ಎರಡು ರೂಪಾಯಿಗೆ ‘ಹೈದರಿ’. ತಾಮ್ರದ ಪೈಸೆಗಳಿಗೆ ನಕ್ಷತ್ರ ಗ್ರಹಗಳ ಹೆಸರು. ಪೈಸೆ ಎಂದರೆ ‘ಜೊಹ್ರಾ’, ಅಂದರೆ ಶುಕ್ರ. ಅವನ ತಂದೆ ಹೈದರನ ವರಹದಲ್ಲಾದರೋ ಹಿಂದಿನ ಕಾಲದ ಶಿವ ಪಾರ್ವತಿಯರೇ ಮುಂದುವರಿದರು. ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರವೊಂದನ್ನು ಇಟ್ಟದ್ದೇ ಬದಲಾವಣೆ. ಜನ ನಂಬಿದ ಚಿನ್ನದ ಮುಖ ಬದಲಿಸಬಾರದೆಂಬ ಬುದ್ಧಿ ಅವನಿಗಿತ್ತು. ಮೈಸೂರಿನ ಇನ್ನೂ ಹಳೆಯ ತಾಮ್ರದ ಕಾಸುಗಳಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಬರೀ ಕನ್ನಡದ ಅಂಕಿ. ಈ ಅಂಕಿಗಳ ಸರಣಿ ಪೂರ್ತಿ ಮಾಡುವ ಹುಚ್ಚಿಗೆ ಬಿದ್ದು ಅರ್ಧ ಆಯುಷ್ಯ ಕಳೆದವರನ್ನು ನಾನು ಬಲ್ಲೆ. ಅವರಲ್ಲಿ ಇಬ್ಬರಿಗೆ ಒಂದೇ ಅಂಕಿ ಬಾಕಿಯಿದ್ದ ದಿನ ಹರಾಜಿನ ಕೋಣೆಯಲ್ಲಿ ಕೂರಬೇಕು. ಬಿಡಿಗಾಸಿಗೆ ಬಂಗಾರದ ಬೆಲೆ ಬಂದಿರುತ್ತದೆ.

ಹರಾಜಿನ ದಿನದ ವಾತಾವರಣ ಹೊರಗಿನವರು ಊಹಿಸಿಕೊಳ್ಳುವಷ್ಟು ರೋಚಕವಲ್ಲ. ಹೋಟೆಲಿನ ಸಭಾಂಗಣ, ಸಾಲು ಕುರ್ಚಿ, ಹಿಂದೆ ಕಾಫಿ ಬಿಸ್ಕತ್ತು. ಎದುರು ಪರದೆಯ ಮೇಲೆ ನಾಣ್ಯದ ಎರಡೂ ಮುಖ. ಪಕ್ಕದ ಮೇಜಿನಲ್ಲಿ ಫೋನು ಹಿಡಿದ ಹುಡುಗರು, ಈಚೆಗೆ ಲ್ಯಾಪ್‌ಟಾಪಿನಲ್ಲಿ ದೂರದೂರಿನ ಬಿಡ್‌ಗಳನ್ನು ಓದಿ ಹೇಳುವವರು. ನಿಮಿಷಕ್ಕೊಂದೆರಡು ಲಾಟ್‌ಗಳಂತೆ ಸರಸರನೆ ಸಾಗುತ್ತದೆ. ಪಳಗಿದವರು ಪ್ಯಾಡಲನ್ನು ಎತ್ತುವುದೇ ಇಲ್ಲ, ಪೆನ್ನನ್ನು ಒಂದಿಂಚು ಅಲುಗಿಸುತ್ತಾರೆ. ಸುತ್ತಿಗೆ ಬಿದ್ದ ಮೊತ್ತದ ಮೇಲೆ ಸಂಸ್ಥೆಯ ಪ್ರೀಮಿಯಂ, ಅದರ ಮೇಲೆ ತೆರಿಗೆ. ಈ ಲೆಕ್ಕವನ್ನು ಮೊದಲೇ ಕ್ಯಾಟಲಾಗಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು, ಅದರಾಚೆ ಹೋಗಬಾರದೆಂದು ಅಡಿಗೆರೆ ಎಳೆದುಕೊಂಡು ಕೂರುವುದು ನನ್ನ ಪದ್ಧತಿ. ಕ್ಯಾಷಿಯರನ ಕೈ ಅದು, ಗೆರೆ ದಾಟುವುದಿಲ್ಲ.

ಒಮ್ಮೆ ಮಾತ್ರ ಆ ಗೆರೆಯನ್ನು ಬಹಳ ಮೇಲೆ ಎಳೆದಿದ್ದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ. ಮುಂಬದಿಯಲ್ಲಿ ಸಿಂಹ, ಹಿಂಬದಿಯಲ್ಲಿ ಮೂರು ಸಾಲು ಕನ್ನಡ: ‘ಶ್ರೀ ತಳಕಾಡುಗೊಂಡ’. ಚೋಳರಿಂದ ತಲಕಾಡು ಗೆದ್ದ ಸುದ್ದಿಯನ್ನು ರಾಜನೊಬ್ಬ ಚಿನ್ನದ ಮೇಲೆ ಕನ್ನಡದಲ್ಲಿ ಹೊಡೆಸಿ ಊರೂರಿಗೆ ಕಳಿಸಿದ್ದು. ನೊಳಂಬವಾಡಿ ಗೆದ್ದಾಗಲೂ ಹೀಗೇ ಮಾಡಿದ. ಕನ್ನಡ ಅಕ್ಷರವಿರುವ ಚಿನ್ನ ಕೈಗೆ ಬರುವುದು ಕಮ್ಮಿ. ಗಂಗರದೆಂದು ಹೇಳುವ ಗಜಪತಿ ವರಹದಲ್ಲಿ ಆನೆ ಮತ್ತು ಬಳ್ಳಿ ಮಾತ್ರ, ವಿಜಯನಗರದವರ ಬಹುಪಾಲು ಚಿನ್ನದಲ್ಲಿ ನಾಗರಿ. ಹಾಗಾಗಿ ನಿವೃತ್ತಿಯ ಹಣದಲ್ಲಿ ಮನೆಯವಳ ಒಪ್ಪಿಗೆ ಪಡೆದೇ ಒಂದು ಪಾಲು ತೆಗೆದಿಟ್ಟಿದ್ದೆ.

ಲಾಟ್ ಬಂದಾಗ ಮೊದಲು ಐದಾರು ಕೈ, ಆಮೇಲೆ ಮೂರು, ಕೊನೆಗೆ ನಾನು ಮತ್ತು ಮುಂದಿನ ಸಾಲಿನ ಒಬ್ಬ ಬಟ್ಟೆ ವ್ಯಾಪಾರಿ. ಅವರು ತಿರುಗಿ ನೋಡಲಿಲ್ಲ, ಕುತ್ತಿಗೆ ಮಾತ್ರ ಕೆಂಪಾದದ್ದು ಕಂಡಿತು. ನನ್ನ ಗೆರೆ ಬಂತು, ನಿಂತೆ. ಸುತ್ತಿಗೆ ಬಿತ್ತು. ವಿರಾಮದಲ್ಲಿ ಅವರೇ ಕಾಫಿ ಹಿಡಿದು ಬಂದು, ‘ನೀವೊಬ್ಬರು ಇಲ್ಲದಿದ್ದರೆ ನನಗಿದು ಅರ್ಧಕ್ಕೆ ಸಿಗುತ್ತಿತ್ತು’ ಎಂದರು. ಸಿಟ್ಟು ಇತ್ತು, ಆದರೆ ಸಿಟ್ಟಿನ ಜೊತೆಗೆ ಇನ್ನೇನೋ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದೇ ಬಾಯಲ್ಲಿ, ‘ನೀವೂ ಅಷ್ಟು ಬೇಕೆಂದಿರಲ್ಲ, ಹಾಗಾದರೆ ನಾನು ಕೊಂಡದ್ದು ಸರಿಯಿದೆ’ ಎಂದರು. ತಮ್ಮ ಆಯ್ಕೆಯ ಬಗ್ಗೆ ಅವರಿಗಿದ್ದ ಏಕೈಕ ಸಾಕ್ಷಿ ನಾನು. ಆ ಪರಿಚಯ ಸ್ನೇಹವಾಯಿತು. ಅವರ ಮನೆಗೆ ಹೋದಾಗಲೆಲ್ಲ ಆ ನಾಣ್ಯವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಾರೆ. ಅದರ ಅಕ್ಷರಗಳ ಒಂದೊಂದು ತಿರುವೂ ನನಗೆ ಬಾಯಿಪಾಠ. ಒಡೆತನವೆಂಬುದು ಲಾಕರಿನ ಬಾಡಿಗೆ ಕಟ್ಟುವ ಜವಾಬ್ದಾರಿಯಷ್ಟೆ ಎಂದು ಆಗಾಗ ಅನ್ನಿಸಿದ್ದುಂಟು. ಹಾಗೆಂದು ಅವರ ಮುಂದೆ ಹೇಳಿದರೆ ಅವರು ಒಪ್ಪುವುದಿಲ್ಲ, ಸರಿಯಾಗಿಯೇ ಒಪ್ಪುವುದಿಲ್ಲ.

ಎರಡನೆಯವನ ಕೂಗು ಪ್ರಾಮಾಣಿಕವಾಗಿದ್ದರೆ ಮಾತ್ರ ಈ ಆಟಕ್ಕೆ ಅರ್ಥ. ಅದನ್ನು ಕೊಲ್ಲುವ ದಾರಿ ಎರಡು, ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಒಂದು, ವರ್ತಕರ ಒಳಒಪ್ಪಂದ. ಇಂಥ ಲಾಟಿಗೆ ನೀನು ಕೂಗು, ನಾವು ಸುಮ್ಮನಿರುತ್ತೇವೆ, ಆಮೇಲೆ ಹೋಟೆಲಿನ ಕೋಣೆಯಲ್ಲಿ ನಮ್ಮ ನಮ್ಮೊಳಗೆ ಇನ್ನೊಂದು ಹರಾಜು. ಹೀಗಾದರೆ ಮಾರಲು ಕೊಟ್ಟ ಬಡಪಾಯಿಗೆ ನಷ್ಟ. ಇನ್ನೊಂದು ಇದರ ತದ್ವಿರುದ್ಧ. ಕೊಳ್ಳುವ ಇರಾದೆಯೇ ಇಲ್ಲದ ಒಬ್ಬನನ್ನು ಕೂರಿಸಿ ಬೆಲೆ ಏರಿಸುವುದು. ಆಗ ಕೊಳ್ಳುವವನಿಗೆ ನಷ್ಟ. ಮೊದಲನೆಯದರಲ್ಲಿ ನಿಜವಾದ ಆಸೆ ಮೌನವಾಗಿರುತ್ತದೆ, ಎರಡನೆಯದರಲ್ಲಿ ಇಲ್ಲದ ಆಸೆ ಕೂಗುತ್ತಿರುತ್ತದೆ. ಸೂಕ್ಷ್ಮವಾಗಿ ಕಿವಿಗೊಟ್ಟರೆ ಗೊತ್ತಾಗುತ್ತದೆ. ನಿಜವಾಗಿ ಬೇಕಾದವನು ತನ್ನ ಮಿತಿ ಸಮೀಪಿಸಿದಂತೆ ತಡೆಯುತ್ತಾನೆ, ಯೋಚಿಸುತ್ತಾನೆ. ಸುಳ್ಳು ಕೂಗಿಗೆ ಆ ತಡೆ ಇರುವುದಿಲ್ಲ.

ಎರಡನೆಯವನ ಕೂಗೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿದಾಗಲೆಲ್ಲ ಶ್ರೀರಂಗಪಟ್ಟಣದ ಕಥೆ ನನ್ನನ್ನು ಬಿಡದೆ ಕಾಡುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಖಜಾನೆಯನ್ನು ಸೈನ್ಯದವರಿಗೆ ಹಂಚಲು ಪ್ರೈಜ್ ಏಜೆಂಟರು ನೇಮಕವಾದರು. ಚಿನ್ನದ ತಗಡು ಹೊದಿಸಿದ ಸಿಂಹಾಸನ ಅವರ ಕೈಗೆ ಬಂತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತಮ್ಮ ದೊರೆಗೆ ಕಳಿಸುವ ಮನಸ್ಸಿತ್ತು. ಆದರೆ ಏಜೆಂಟರು ಅಷ್ಟರಲ್ಲಿ ಅದನ್ನು ಒಡೆದುಹಾಕಿದ್ದರು. ಒಡೆಯದೆ ಪಾಲು ಮಾಡುವುದು ಹೇಗೆ? ಅವರ ಕಣ್ಣಿಗೆ ಅದು ಹಂಚಬೇಕಾದ ಚಿನ್ನ. ನೆತ್ತಿಯ ಮೇಲಿದ್ದ ಹುಮಾ ಪಕ್ಷಿ, ಪೀಠದ ಹುಲಿಯ ತಲೆ ಇಂಗ್ಲೆಂಡಿನ ಅರಮನೆ ಸೇರಿದವು. ಸುತ್ತುಕಟ್ಟಿನ ಪುಟ್ಟ ಹುಲಿತಲೆಗಳು ಚದುರಿದವು. ಅಂಥ ಒಂದು ಹುಲಿತಲೆ 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯಿತು. ತೂಕದ ಲೆಕ್ಕದಲ್ಲಿ ಒಡೆದದ್ದರ ಚೂರೊಂದು ತೂಕದ ಲೆಕ್ಕವನ್ನೆಲ್ಲ ಮೀರಿದ್ದು ಹೀಗೆ. 2023ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1,40,80,900 ಪೌಂಡಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ನೂರನಲವತ್ತು ಕೋಟಿಗೂ ಮೇಲೆ. ಮುತ್ತಿಗೆಯ ಮುಂಚೂಣಿಯಲ್ಲಿದ್ದ ಡೇವಿಡ್ ಬೇರ್ಡನಿಗೆ ಗೌರವವಾಗಿ ಕೊಟ್ಟ ಖಡ್ಗ ಅದು.

ಆ ಸುದ್ದಿ ಬಂದ ದಿನ ನಮ್ಮ ಗೆಳೆಯರ ಗುಂಪಿನಲ್ಲಿ ಜಗಳವೇ ಆಯಿತು. ಲೂಟಿಯ ಮಾಲಿಗೆ ಹರಾಜೇ ಎಂದು ಒಬ್ಬರು. ಕೊಂಡು ತರುವ ದಾರಿಯಾದರೂ ಇದೆಯಲ್ಲ ಎಂದು ಇನ್ನೊಬ್ಬರು. ವಿಜಯ ಮಲ್ಯ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಇನ್ನೊಂದು ಖಡ್ಗ ಕೊಂಡದ್ದನ್ನು, 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು ತಟ್ಟೆಗಳನ್ನು 18 ಲಕ್ಷ ಡಾಲರಿಗೆ ಹಿಡಿದದ್ದನ್ನು ನೆನಪಿಸಿದರು. ಏನನ್ನೂ ಕೂಡಿಡದ ಮನುಷ್ಯನ ತಟ್ಟೆಗೆ ಅಷ್ಟು ಬೆಲೆ ಬಂದದ್ದು ಹೇಗೆ? ಅಲ್ಲೂ ಯಾರೋ ಒಬ್ಬ ಎದುರಾಳಿ ಕೊನೆಯವರೆಗೂ ಕೈ ಎತ್ತಿಕೊಂಡಿದ್ದ. ನನ್ನ ಮಟ್ಟಿಗೆ, ಕಸಿದುಕೊಂಡದ್ದು ಹರಾಜಿನಿಂದ ಶುದ್ಧವಾಗುವುದಿಲ್ಲ. ಆದರೆ ಹಂಚಿಕೊಳ್ಳಲು ಒಡೆದವನಿಗಿಂತ ಇಡಿಯಾಗಿ ಮಾರಿದವನು ಮುಂದಿನವರಿಗೆ ಏನನ್ನೋ ಬಿಟ್ಟುಕೊಟ್ಟಿರುತ್ತಾನೆ. ವಾದ ಮಾಡುವುದಕ್ಕಾದರೂ ವಸ್ತು ಇರಬೇಕಲ್ಲ.

ಹೀಗೆ ಹೇಳುವಾಗ ನನ್ನ ವಾದಕ್ಕೆ ಎದುರಾಗುವ ಪ್ರಶ್ನೆಯೂ ಗೊತ್ತಿದೆ. ಬೆಲೆ ಏರಿದಷ್ಟೂ ಅಗೆಯುವವರು ಹೆಚ್ಚುತ್ತಾರೆ. ಲೋಹಶೋಧಕ ಹಿಡಿದು ಹಾಳೂರು, ಕೋಟೆ, ಗುಡಿಗಳ ಸುತ್ತ ರಾತ್ರಿ ತಿರುಗುವವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಬ್ರಿಟಿಷರ 1878ರ ಕಾಯ್ದೆಯಿಂದಲೂ ಇರುವ ನಿಯಮ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. 1878ರ ಕಾಯ್ದೆಯಲ್ಲೊಂದು ಲೆಕ್ಕವಿದೆ, ಕ್ಯಾಷಿಯರನಿಗೆ ತಟ್ಟನೆ ಕಣ್ಣಿಗೆ ಬೀಳುವಂಥದ್ದು. ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಳ್ಳುವುದಾದರೆ ಅದರ ಲೋಹದ ಬೆಲೆಯ ಜೊತೆಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ತೂಕಕ್ಕಿಂತ ಇಪ್ಪತ್ತು ಪರ್ಸೆಂಟ್ ಹೆಚ್ಚು! ಸಾಗರದ ಅಕ್ಕಸಾಲಿಯ ಬಳಿ ನಾನು ಸೇರಿಸಿ ಕೊಟ್ಟದ್ದೂ ಹೆಚ್ಚೂಕಮ್ಮಿ ಅಷ್ಟೇ. ಹೊಲ ಉಳುವಾಗ ಮಡಕೆ ಸಿಕ್ಕ ರೈತ ಪೊಲೀಸು, ತಹಸೀಲ್ದಾರು, ಪಂಚನಾಮೆಗಳ ಗೋಜು ನೆನೆದು ಸೀದಾ ಅಕ್ಕಸಾಲಿಯ ಬಳಿ ಹೋದರೆ ಆಶ್ಚರ್ಯವೇನಿಲ್ಲ.

ಹಾಗೆ ಹೋದಾಗ ಕಳೆಯುವುದು ಚಿನ್ನವಲ್ಲ, ವಿಳಾಸ. ಒಂದು ಮಡಕೆಯಲ್ಲಿ ಯಾವ ಯಾವ ರಾಜರ ನಾಣ್ಯಗಳು ಒಟ್ಟಿಗಿದ್ದವು, ಯಾವ ಊರಿನಲ್ಲಿ, ಎಷ್ಟು ಆಳದಲ್ಲಿ ಎಂಬುದು ಗೊತ್ತಾದರೆ ಆ ಹಣ ಎಲ್ಲಿಯವರೆಗೆ ಓಡಾಡಿತ್ತು, ಯಾವಾಗ ಭಯಬಿದ್ದು ಹೂತರು ಎಂದು ಹೇಳಬಹುದು. ಮೈಸೂರು ಪುರಾತತ್ತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳನ್ನು ಓದುವಾಗ ಈ ವಿವರಗಳಿಗೆ ಎಂಥ ಬೆಲೆಯಿದೆಯೆಂದು ಅರಿವಾಗುತ್ತದೆ. ಹರಾಜಿನ ಕ್ಯಾಟಲಾಗಿನಲ್ಲಿ ಇವಿರುವುದಿಲ್ಲ. ತೂಕ, ಅಳತೆ, ಸ್ಥಿತಿ, ಅಪರೂಪದ ದರ್ಜೆ, ಹಿಂದೆ ಯಾವ ಶ್ರೀಮಂತನ ಸಂಗ್ರಹದಲ್ಲಿತ್ತು ಎಂಬುದೆಲ್ಲ ಇರುತ್ತದೆ. ಯಾವ ಹೊಲದ್ದು ಎಂಬುದೊಂದು ಬಿಟ್ಟು. ನೂರು ವರ್ಷ ದಾಟಿದ ನಾಣ್ಯ ದೇಶ ಬಿಟ್ಟು ಹೋಗಬಾರದೆಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ, ಕ್ಯಾಟಲಾಗಿನ ಕೊನೆಯ ಪುಟದಲ್ಲಿ ಅದನ್ನು ಅಚ್ಚು ಹಾಕಿಯೂ ಇರುತ್ತಾರೆ. ದೇಶ ಬಿಡಬಾರದು ನಿಜ, ಊರು ಬಿಟ್ಟದ್ದಕ್ಕೆ ಮಾತ್ರ ಲೆಕ್ಕವಿಲ್ಲ.

ಈ ನಡುವೆ ಮೊಬೈಲು ಬಂದು ನಮ್ಮ ಹವ್ಯಾಸಕ್ಕೆ ಹೊಸ ಕೀರ್ತಿ ತಂದಿದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿಯಂತೆ, ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷವಂತೆ ಎಂದು ಬೀದಿಯವರೆಲ್ಲ ನನ್ನ ಬಾಗಿಲು ತಟ್ಟುತ್ತಾರೆ. ಮಾರಿಸಿಕೊಡುತ್ತೇವೆಂದು ಮುಂಗಡ ಶುಲ್ಕ ಕೀಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಾನು ಅವರಿಗೆ ಹೇಳುವುದು ಇಷ್ಟೇ. ಕೇಳುವ ಬೆಲೆ ಬೆಲೆಯಲ್ಲ. ನಿಮ್ಮ ನೋಟು ಬೇಕೆನ್ನುವ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿ ತೋರಿಸಿ, ಆಗ ಒಪ್ಪುತ್ತೇನೆ. ಅವರು ನಿರಾಶರಾಗಿ ಹೋಗುತ್ತಾರೆ. ಎಂದಾದರೊಮ್ಮೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಂಠೀರಾಯ ಹಣವನ್ನು ತೋರಿಸುವುದೂ ಉಂಟು. ಅಕ್ಕಿಕಾಳಿಗಿಂತ ತುಸು ಅಗಲದ ಚಿನ್ನದಲ್ಲಿ ಯೋಗಕ್ಕೆ ಕೂತ ನರಸಿಂಹ. ರಣಧೀರ ಕಂಠೀರವನ ಆ ಪುಟ್ಟ ಹಣ ಅರ್ಧ ಗ್ರಾಮೂ ತೂಗುವುದಿಲ್ಲ. ಕೆಳಗೆ ಬಿದ್ದರೆ ಸಿಗುವುದಿಲ್ಲ ಅಮ್ಮ, ಕರಗಿಸಬೇಡಿ, ಎಲ್ಲಿಯದೆಂದು ಒಂದು ಚೀಟಿಯಲ್ಲಿ ಬರೆದಿಡಿ ಎನ್ನುತ್ತೇನೆ.

ನನ್ನದೂ ಈಗ ಬಿಡುವ ವಯಸ್ಸು. ಮಗಳಿಗೆ ಇದರಲ್ಲಿ ಆಸಕ್ತಿಯಿಲ್ಲ, ಇರಬೇಕೆಂದೂ ಇಲ್ಲ. ವಸ್ತು ಸಂಗ್ರಹಾಲಯಕ್ಕೆ ಕೊಡಿ ಎಂದು ಗೆಳೆಯರು ಹೇಳುತ್ತಾರೆ. ಕೆಲವನ್ನು ಕೊಡುತ್ತೇನೆ. ಆದರೆ ಅಲ್ಲಿ ಈಗಾಗಲೇ ಹತ್ತಾರು ಇರುವ ಕಾಸಿನ ಜಾತಿಗೆ ಹನ್ನೊಂದನೆಯದಾಗಿ ಸೇರಿ ಪೆಟ್ಟಿಗೆಯಲ್ಲಿ ಮಲಗುವುದಕ್ಕಿಂತ, ಕೈಗೆತ್ತಿಕೊಂಡು ನೋಡುವ ಹೊಸ ಹುಚ್ಚರ ಬಳಿ ಹೋಗುವುದೇ ಮೇಲೆಂದು ಉಳಿದದ್ದನ್ನು ಹರಾಜಿಗೆ ಕೊಡಲು ತೀರ್ಮಾನಿಸಿದ್ದೇನೆ. ಈಚಿನ ಹರಾಜುಗಳಲ್ಲಿ ಇಪ್ಪತ್ತೈದು ಮೂವತ್ತರ ಹುಡುಗರು ಹೆಚ್ಚಾಗಿ ಕಾಣುತ್ತಾರೆ. ಸಾಫ್ಟ್‌ವೇರ್ ಸಂಬಳ, ಶಾಸನ ಓದುವ ಹಂಬಲ. ವೀಕ್ಷಣೆಯ ಮೇಜಿನಲ್ಲಿ ಅವರು ಹಳಗನ್ನಡದ ಅಕ್ಷರ ಬಿಡಿಸುತ್ತ ಒಬ್ಬರಿಗೊಬ್ಬರು ತಿದ್ದುವುದನ್ನು ಕೇಳಿದ್ದೇನೆ.

ಪಟ್ಟಿ ಮಾಡಿಕೊಳ್ಳಲು ಹರಾಜು ಸಂಸ್ಥೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಪ್ರತಿ ನಾಣ್ಯದ ಜೊತೆಗೂ ನಾನು ಇಟ್ಟಿದ್ದ ಚೀಟಿಗಳನ್ನು ಕಂಡ. ಯಾರಿಂದ ಬಂತು, ಯಾವ ಊರಿನ ಯಾವ ಹುಂಡಿ, ಯಾವ ಅಕ್ಕಸಾಲಿಯ ಮೂಸೆಯ ಬಾಯಿಂದ, ಆ ದಿನ ಚಿನ್ನದ ದರ ಎಷ್ಟಿತ್ತು, ಎಲ್ಲ ಕ್ಯಾಷ್ ಪುಸ್ತಕದ ಅಕ್ಷರದಲ್ಲಿ. ಈ ಚೀಟಿಗಳನ್ನೂ ಲಾಟಿನ ಜೊತೆಗೇ ಕೊಡಬೇಕು, ಕ್ಯಾಟಲಾಗಿನಲ್ಲಿ ಊರಿನ ಹೆಸರು ಹಾಕಬೇಕು ಎಂಬುದು ನನ್ನ ಷರತ್ತು ಎಂದೆ. ‘ಹಾಕಬಹುದು ಸಾರ್, ಆದರೆ ಇದರಿಂದ ಬೆಲೆ ಏನೂ ಜಾಸ್ತಿ ಬರಲ್ಲ’ ಎಂದ. ಬರಬೇಕೆಂದೂ ಇಲ್ಲ, ಹಾಕು ಎಂದೆ. ಅವನು ಲ್ಯಾಪ್‌ಟಾಪಿನಲ್ಲಿ ಹೊಸದೊಂದು ಕಾಲಂ ತೆರೆದು ಮೊದಲ ಚೀಟಿಯಿಂದ ‘ಸಾಗರ’ ಎಂದು ಟೈಪ್ ಮಾಡಿದ.